ಪಡಸಾಲೆಯ ವಿಮಾನ

ಎದುರು ಮನೆಯ ಶಾರದಾಬಾಯಿ ಮೊನ್ನೆ ಒಂದು ವಿಚಿತ್ರ ದಿಂಬು ಹಿಡಿದುಕೊಂಡು ಬಂದರು. ಕುದುರೆಯ ಲಾಳದ ಹಾಗೆ ಬಾಗಿದ, ಬೂದು ಬಣ್ಣದ ಮೆತ್ತನೆಯ ದಿಂಬು. ಗಂಡ ಹೆಂಡತಿ ಇಬ್ಬರೂ ಪ್ರವಾಸ ಕಂಪನಿಯವರ ಜೊತೆ ಯುರೋಪ್ ನೋಡಲು ಹೊರಟಿದ್ದಾರೆ. ಮೊದಲ ಸಲ ವಿಮಾನ ಹತ್ತುವ ಸಂಭ್ರಮ.

"ನೋಡ್ರಿ ಸುಮನಬಾಯಿ, ಇದನ್ನ ಕುತ್ತಿಗಿಗೆ ಹಾಕ್ಕೊಂಡು ಕೂತಲ್ಲೇ ಮಕ್ಕೋಬೇಕಂತ. ಏನೇನ್ ಕಂಡ ಹಿಡೀತಾರವಾ ಈಗಿನ ಮಂದಿ!" ಎಂದು ಹಾಕಿಕೊಂಡೇ ತೋರಿಸಿದರು. ಎತ್ತಿನ ಕೊರಳಿಗೆ ಹುರಿಗೆಜ್ಜೆ ಕಟ್ಟಿದಂತೆ ಕಂಡರು. ನಾನು ನಗಬೇಕಾಗಿತ್ತು, ನಗಲಿಲ್ಲ. ದಿಂಬನ್ನು ಇಸಿದುಕೊಂಡು ಒತ್ತಿ ನೋಡಿದೆ. ಒಳಗೆ ಸ್ಪಂಜಿನಂಥದೇನೋ ಇತ್ತು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ. ಸದ್ದೇ ಇಲ್ಲ.

"ಅದೇನ್ ಗಿಲಕಿ ಏನ್ರಿ, ಅಳ್ಳಾಡ್ಸಿ ನೋಡಾಕ?" ಎಂದು ಅವರೇ ನಕ್ಕರು.

ಈಗಿನ ಮಂದಿ ಕಂಡುಹಿಡಿದಿದ್ದಲ್ಲ ಇದು, ಅಕ್ಕಲಕೋಟದ ನಮ್ಮ ಆಯಿ ಐವತ್ತರ ದಶಕದಲ್ಲೇ ಹೊಲಿದಿದ್ದಳು, ಒಳಗೆ ಸಾಸಿವೆ ತುಂಬಿದ್ದಳು, ತಲೆ ಹೊರಳಿದಾಗಲೆಲ್ಲ ಸರಸರ ಎನ್ನುತ್ತಿತ್ತು ಎಂದು ಹೇಳಬೇಕೆನಿಸಿತು. ಆದರೆ ಪ್ರಯಾಣಕ್ಕೆ ಹೊರಟು ನಿಂತವರ ಮುಂದೆ ಆ ಕಥೆ ತೆಗೆಯಬಾರದು. ಅದರ ಬದಲು, "ಕಾಲು ಒಂದೇ ಕಡೆ ಇಟ್ಟು ಕೂಡಬ್ಯಾಡ್ರಿ, ನಡುನಡುವ ಎದ್ದು ಅಡ್ಡಾಡ್ರಿ. ನೀರು ಕುಡೀತಿರ್ರಿ. ಇಳಿಯೂ ಮುಂದ ಬಾಯಾಗ ಏನರೆ ಇಟ್ಕೊಂಡು ಚೀಪ್ರಿ, ಕಿವಿ ಮುಚ್ಚಂಗಿಲ್ಲ" ಎಂದೆ.

"ನೀವು ಯಾವಾಗ ಹೋಗಿದ್ರಿ ವಿಮಾನದಾಗ? ಒಂದ ದಿನಾನೂ ಹೇಳಿಲ್ಲ!"

ನಾನು ಹೋಗಿಲ್ಲ. ಇವತ್ತಿಗೂ ನಾನು ವಿಮಾನವನ್ನು ಕತ್ತೆತ್ತಿ ನೋಡಿದ್ದೇನೆಯೇ ಹೊರತು ಹತ್ತಿಲ್ಲ. ಅದರೊಳಗೆ ಹೇಗೆ ಕೂಡಬೇಕೆಂಬ ವಿದ್ಯೆಯಲ್ಲಿ ಮಾತ್ರ ಈ ಸೊಲ್ಲಾಪುರದಲ್ಲಿ ನನಗೆ ಸಮ ಯಾರೂ ಇರಲಿಕ್ಕಿಲ್ಲ.

ನನಗೊಂದು ದುರಭ್ಯಾಸವಿದೆ. ಎಲ್ಲಿ ಕೂತರೂ ಕೂತಂತೆಯೇ ನಿದ್ದೆ ಹೋಗುತ್ತೇನೆ. ಬಸ್ಸಿನಲ್ಲಿ, ಲಗ್ನದ ಹಂದರದಲ್ಲಿ, ಒಮ್ಮೆ ಹಲ್ಲಿನ ಡಾಕ್ಟರರ ಖುರ್ಚಿಯಲ್ಲೂ. ಬೇರೆಯವರ ಹಾಗೆ ತೂಗಿ ತೂಗಿ ಪಕ್ಕದವರ ಹೆಗಲ ಮೇಲೆ ಬೀಳುವುದಿಲ್ಲ. ಬೆನ್ನು ನೆಟ್ಟಗೆ, ಕೈಗಳೆರಡೂ ಮಡಿಲಲ್ಲಿ, ಗದ್ದ ಇದ್ದಲ್ಲೇ. ಕಾನ್ವೆಂಟಿನಲ್ಲಿ ಸಿಸ್ಟರ್ ಆಗ್ನೆಸ್ ನಮ್ಮ ತಲೆಯ ಮೇಲೆ ಪುಸ್ತಕ ಇಟ್ಟು ನಡೆಸುತ್ತಿದ್ದರು. ಬಿದ್ದರೆ ಮೊದಲಿನಿಂದ ನಡೆಯಬೇಕು. ನಿದ್ದೆಯಲ್ಲೂ ಪುಸ್ತಕ ಬೀಳಿಸದ ಶಿಷ್ಯೆ ಎಂದು ಅವರು ಮೆಚ್ಚುತ್ತಿದ್ದರೋ ಏನೋ. ಒಮ್ಮೆ ಪ್ರವಚನದಲ್ಲಿ ನಾನು ಹೀಗೆ ನಿದ್ದೆ ಹೋದದ್ದನ್ನು ಧ್ಯಾನವೆಂದು ತಿಳಿದ ಸ್ವಾಮಿಗಳು ಎಲ್ಲರಿಗಿಂತ ಮೊದಲು ನನಗೇ ಪ್ರಸಾದ ಕಳಿಸಿದ್ದರು. ನಾನೂ ಕಣ್ಣು ತೆರೆದು ಗಂಭೀರವಾಗಿ ತೆಗೆದುಕೊಂಡಿದ್ದೆ.

ಈ ನಿದ್ದೆ ಒಂದೇ ಒಂದು ಕಡೆ ತಾನಾಗಿ ಮುರಿಯುತ್ತದೆ. ಮುಂಬೈ ಕಡೆ ಹೋಗುವಾಗ ಕುರ್ಡುವಾಡಿ ದಾಟಿದ ಮೇಲೆ ಭೀಮೆಯ ಸೇತುವೆ ಬರುತ್ತದಲ್ಲ, ಅಲ್ಲಿ ರೈಲಿನ ಗಾಲಿಯ ಸದ್ದು ಬದಲಾಗುತ್ತದೆ. ಆ ಸದ್ದಿಗೆ ನನ್ನ ಕಣ್ಣು ತೆರೆಯುವ ಮೊದಲೇ ಕೈ ಸೆರಗಿನ ಗಂಟಿಗೆ ಹೋಗಿರುತ್ತದೆ. ನದಿ ದಾಟುವಾಗ ನೀರಿಗೆ ಒಂದು ಕಾಸು ಹಾಕಿ ಕೈ ಮುಗಿಯುವುದು ನಮ್ಮ ಕಡೆಯ ರೂಢಿ. ಹಾಕಿ, ಮುಗಿದು, ಮತ್ತೆ ನಿದ್ದೆ.

ನಮ್ಮವರು ಇದನ್ನು ಬಂದವರಿಗೆಲ್ಲ ಹೇಳಿ ನಗಿಸುತ್ತಾರೆ. ಅವರದೊಂದು ಖಾಯಂ ಚೇಷ್ಟೆಯಿದೆ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಕೂಡಿಸಿ, ಆ ಕೂತ ಭಂಗಿಯಲ್ಲೇ ಮಣ್ಣು ಕೊಡುವುದು ಪದ್ಧತಿ. "ಉಳಿದವರನ್ನ ಕೂಡ್ರಸೂದ್ರಾಗ ಮಂದಿಗೆ ಸಾಕಾಗಿ ಹೋಗತೈತಿ. ನಿಂದೇನು ತ್ರಾಸಿಲ್ಲ ಬಿಡು, ಮೊದಲ ರೂಢಿ ಐತಿ" ಎನ್ನುತ್ತಾರೆ. ನಾನೂ ನಗುತ್ತೇನೆ. ನಕ್ಕು ಒಳಗೆ ಹೋಗಿ, ಏನೋ ಕೆಲಸವಿದ್ದವಳ ಹಾಗೆ ಡಬ್ಬಿಗಳನ್ನು ಜರುಗಿಸಿ ಇಡುತ್ತೇನೆ.

ರೂಢಿ ಬಂದದ್ದು ನನ್ನ ಅಕ್ಕನಿಂದ.

ಅಕ್ಕನ ಹೆಸರು ಪ್ರಭಾವತಿ. ನನಗಿಂತ ತೀರ ದೊಡ್ಡವಳು. ಅವ್ವ ನಾನು ತೊಟ್ಟಿಲಲ್ಲಿದ್ದಾಗಲೇ ಹೋದದ್ದರಿಂದ ನನ್ನ ಜಡೆ, ನನ್ನ ಪಾಠ, ನನ್ನ ಜ್ವರ ಎಲ್ಲ ಅಕ್ಕನ ಪಾಲಿಗೇ ಬಂದಿದ್ದವು. ಅವಳು ಜಡೆ ಹಾಕುವಾಗ ಬಾಚಣಿಕೆಯ ಹಲ್ಲನ್ನು ಮೊದಲು ತನ್ನ ಅಂಗೈಗೆ ಒತ್ತಿ ನೋಡಿಕೊಳ್ಳುತ್ತಿದ್ದಳು, ಚುಚ್ಚುವುದೋ ಏನೋ ಎಂದು. ಲಗ್ನವಾದ ವರ್ಷವೇ ಅವಳ ಗಂಡ, ನಾವು ಮಾಮಾ ಎನ್ನುತ್ತಿದ್ದವರು, ನೇಯ್ಗೆ ಯಂತ್ರಗಳ ವಿದ್ಯೆ ಕಲಿಯಲು ವಿಲಾಯತಿಗೆ ಹೋದರು. ಅಕ್ಕ ಸೊಲ್ಲಾಪುರದ ನಮ್ಮ ಮನೆಯಲ್ಲೇ ಉಳಿದಳು. ಹೀಗೆ ಉಳಿದಾಗಲೇ ಅವಳ ಉಸಿರು ಸಣ್ಣದಾಗತೊಡಗಿತು.

ಚಿಕ್ಕಂದಿನಲ್ಲಿ ಅವಳಿಗೆ ಕೀಲುಗಳೆಲ್ಲ ಬಾತು ಜ್ವರ ಬಂದಿತ್ತಂತೆ. ಜ್ವರ ಹೋಗುವಾಗ ಎದೆಯೊಳಗಿನ ಒಂದು ಬಾಗಿಲನ್ನು ಅರ್ಧ ಮುಚ್ಚಿಕೊಂಡು ಹೋಗಿತ್ತು. ಡಾಕ್ಟರು ಅಪ್ಪನಿಗೆ ಹೇಳಿದ್ದು ಹಾಗೆ, "ಹೃದಯದ ಬಾಗಿಲು ಸಣ್ಣದಾಗಿದೆ" ಎಂದು. ನಾಲ್ಕು ಮೆಟ್ಟಿಲು ಹತ್ತಿದರೆ ನಿಲ್ಲಬೇಕು. ಮಲಗಿದರಂತೂ ಕೆಮ್ಮು, ನೀರಲ್ಲಿ ಮುಳುಗಿದಂತೆ ಗಾಬರಿ. ಹಾಗಾಗಿ ಹಿಂದೆ ದಿಂಬು ಒಟ್ಟಿಕೊಂಡು ಕೂತೇ ಇರುತ್ತಿದ್ದಳು. ಆ ಬಾಗಿಲನ್ನು ಬಿಡಿಸುವ ಶಸ್ತ್ರಕ್ರಿಯೆ ಮುಂಬೈಯಲ್ಲೂ ಆಗಷ್ಟೇ ಸುರುವಾಗಿತ್ತಂತೆ. ಮಾಮಾನಿಗೆ ಮಾತ್ರ ತಾನಿದ್ದ ಊರಿನ ಡಾಕ್ಟರ ಮೇಲೇ ಭರವಸೆ. ಹಡಗಾದರೆ ವಾರಗಟ್ಟಲೆ ಅಲೆ, ವಾಂತಿ. ಅದು ಬೇಡ, ವಿಮಾನದಲ್ಲಿ ಬರಲಿ, ಅಲ್ಲಿ ಬೇಸಿಗೆ ಸುರುವಾಗುವ ಹೊತ್ತಿಗೆ ಬರಲಿ ಎಂದು ನಿಶ್ಚಯವಾಯಿತು. ಸೊಲ್ಲಾಪುರದ ಡಾಕ್ಟರು ಒಂದೇ ಮಾತು ಹೇಳಿದರು. ಅಷ್ಟು ಹೊತ್ತು ಕೂತು ಹೋಗುವ ಶಕ್ತಿ ಬರಬೇಕು, ಬಂದರೆ ಪರವಾನಗಿ ಕೊಡುತ್ತೇನೆ.

ಸೊಲ್ಲಾಪುರದಲ್ಲಿ ಮಿಲ್ಲುಗಳ ಹೊಗೆ. ಪಾಳಿ ಬದಲಾಗುವ ಭೋಂಗಾ ಕೂಗಿದಾಗಲೆಲ್ಲ ಅಕ್ಕ ಬೆಚ್ಚುತ್ತಿದ್ದಳು. ಆದ್ದರಿಂದ ನನ್ನ ಸಾಲೆಗೆ ಬೇಸಿಗೆಯ ರಜೆ ಬಿಟ್ಟ ಕೂಡಲೇ ಅಪ್ಪ ನಮ್ಮಿಬ್ಬರನ್ನೂ ಅಕ್ಕಲಕೋಟಕ್ಕೆ, ತನ್ನ ಅವ್ವನ ಹತ್ತಿರ, ತಂದು ಬಿಟ್ಟ. ಅವಳೇ ನಮ್ಮ ಆಯಿ. ಅಕ್ಕಲಕೋಟ ರೋಡ್ ಸ್ಟೇಷನ್ನಿನಿಂದ ಊರಿಗೆ ಟಾಂಗಾ. ಅಕ್ಕನಿಗೆ ಕುಲುಕಬಾರದೆಂದು ಅಪ್ಪ ಟಾಂಗಾದ ಪಕ್ಕದಲ್ಲಿ ಊರ ತನಕ ನಡೆದೇ ಬಂದ, ಕುದುರೆಯೂ ನಡೆದೇ ಬಂತು.

ಮಾಮಾ ವಿಮಾನ ಕಂಪನಿಯವರ ಒಂದು ಪುಸ್ತಿಕೆ ಕಳಿಸಿದ್ದರು. ನುಣುಪು ಕಾಗದ, ಬಣ್ಣದ ಚಿತ್ರ. ದೂರದ ಪ್ರಯಾಣದಲ್ಲಿ ಆರಾಮವಾಗಿ ಇರುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಚಿತ್ರದಲ್ಲಿ ಒಬ್ಬ ಮಡಮ್ಮ ತುಟಿಗೆ ಬಣ್ಣ ಹಚ್ಚಿಕೊಂಡೇ, ಖುರ್ಚಿಯಲ್ಲಿ ಒರಗಿ, ಮುಗುಳುನಗುತ್ತ ನಿದ್ದೆ ಮಾಡುತ್ತಿದ್ದಳು. ಮನೆಯಲ್ಲಿ ಕಾನ್ವೆಂಟಿನ ಇಂಗ್ಲಿಷ್ ಇದ್ದದ್ದು ನನಗೆ. ನಾನು ಓದಿ ಕನ್ನಡದಲ್ಲಿ ಹೇಳಬೇಕು, ಆಯಿ ಕೇಳಬೇಕು. ಆಯಿ ಆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು.

"ಮಕ್ಕೊಂಡಾಕಿ ನಗಾಕತ್ತಾಳಲ್ಲ! ಈಕಿ ನಿದ್ದಿ ಸುಳ್ಳ ಐತಿ. ಇರ್ಲಿ, ಮುಂದ ಓದು."

"ಸಡಿಲವಾದ ಬಟ್ಟೆ ಹಾಕಿಕೊಳ್ಳಬೇಕು."

"ಇಳಕಲ್ ಸೀರಿಕ್ಕಿಂತಾ ಸಡಿಲ ಮತ್ತ್ಯಾವ್ದು? ಮುಂದ."

"ಬೂಟು ಬಿಚ್ಚಿಡಬೇಕು."

"ಅಯ್ಯ! ಇದನ್ನೂ ಬರದು ಹೇಳಬೇಕಾ? ಕಾಲಾಗಿಂದು ತಗೀದನ ಯಾರರೆ ಒಳಗ ಕೂಡ್ತಾರೇನ? ಬ್ಯಾರೆ ಏನೈತಿ?"

"ನಡುವಿಗೆ ಪಟ್ಟಾ ಬಿಗಿಯುತ್ತಾರೆ, ಆಯಿ. ವಿಮಾನ ಏರುವಾಗ, ಇಳಿಯುವಾಗ."

ಇದು ಮಾತ್ರ ಆಯಿಗೆ ಹಿಡಿಸಿತು. ಎದ್ದು ಹೋಗಿ ಸಂದೂಕದಿಂದ ತನ್ನ ಲಗ್ನದ ಬೆಳ್ಳಿಯ ಡಾಬು ತೆಗೆದು ತಂದಳು. "ಮಂದಿ ಪಟ್ಟಾ ಯಾಕ? ಮನಿಯಾಗ ಇಂಥದಿದ್ದ ಮ್ಯಾಲ." ಅಕ್ಕ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಲ್ಲುವ ತನಕ ಆಯಿ ಡಾಬನ್ನು ಸೆರಗಿನಿಂದ ಒರೆಸುತ್ತ ಕೂತಳು, ಅದರಲ್ಲಿ ಒರೆಸಲು ಏನೂ ಇರಲಿಲ್ಲ.

ದಿಂಬಿನ ಮಾತು ಬಂದದ್ದು ಆಗಲೇ. ಕೂತು ನಿದ್ದೆ ಮಾಡುವಾಗ ಕುತ್ತಿಗೆಗೆ ಆಧಾರ ಬೇಕು ಎಂದಿತ್ತು ಪುಸ್ತಿಕೆ. ಹಸುಗೂಸುಗಳ ತಲೆ ಅತ್ತಿತ್ತ ಹೊರಳದಂತೆ ನಮ್ಮಲ್ಲಿ ಸಾಸಿವೆಯ ಸಣ್ಣ ದಿಂಬು ಮಾಡುತ್ತಾರೆ. ಆಯಿ ಅದನ್ನೇ ದೊಡ್ಡದು ಮಾಡಿದಳು. ಹಳೆಯ ಮೆತ್ತನೆಯ ಧೋತರವನ್ನು ಚಂದ್ರಾಕಾರ ಕತ್ತರಿಸಿ, ಹೊಲಿದು, ಸಾಸಿವೆ ತುಂಬಿ, ತುದಿಗೆರಡು ಲಾಡಿ ಇಟ್ಟಳು. ಅಕ್ಕನ ಕೊರಳಿಗೆ ಕಟ್ಟಿ ದೂರ ನಿಂತು ನೋಡಿ, "ಕೂಸಿನಂಗ ಕಾಣತೀ" ಎಂದಳು. ನನಗೂ ಒಂದು ಬೇಕೆಂದು ಹಟ ಮಾಡಿದೆ. ನನ್ನದು ಸಣ್ಣದು. ಅದರ ಹೊಲಿಗೆ ಒಂದು ಕಡೆ ಬಿಟ್ಟು, ನಾನು ಹೋದಲ್ಲೆಲ್ಲ ಸಾಸಿವೆ ಉದುರುತ್ತಿತ್ತು.

ಅಡುಗೆಯ ತಯಾರಿ ಬೇರೆ. ನೆಲ್ಲಿಕಾಯಿ ಸಕ್ಕರೆಯಲ್ಲಿ ಕುದಿಸಿ ಒಣಗಿಸಿದಳು, ಇಳಿಯುವಾಗ ಬಾಯಲ್ಲಿ ಇಟ್ಟುಕೊಳ್ಳಲು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಲ್ಲ ಉಪ್ಪಿಲ್ಲದ್ದು. ಡಾಕ್ಟರು ಅಕ್ಕನಿಗೆ ಉಪ್ಪು ಬಂದ್ ಮಾಡಿದ್ದರು. ಒಂದು ದಿನ ನಾನು ಆಯಿಯ ತಾಟಿನಿಂದ ಒಂದು ತುತ್ತು ಕಸಿದುಕೊಂಡು ತಿಂದೆ. ಅದೂ ಸಪ್ಪೆ. ಆಯಿ ನನ್ನ ಮುಖ ನೋಡಿ, "ಹಲ್ಲ ನೋವು. ಖಾರ, ಉಪ್ಪು ತಾಳಂಗಿಲ್ಲ" ಎಂದಳು. ಉಪ್ಪಿಗೂ ಹಲ್ಲಿಗೂ ಏನು ಸಂಬಂಧ ಎಂದು ನಾನು ಆಗ ಕೇಳಲಿಲ್ಲ.

ಆಯಿಯ ದೊಡ್ಡ ಕಾಳಜಿ ಇದ್ದದ್ದು ನದಿಗಳದು. ಸೊಲ್ಲಾಪುರದಿಂದ ಮುಂಬೈ ತನಕ ಸೀನಾ, ಭೀಮಾ ಬರುತ್ತವೆ, ಅವಕ್ಕೆ ರೈಲಿನಿಂದ ಕಾಸು ಹಾಕಬಹುದು. ಮುಂದೆ?

"ವಿಮಾನದ ಕಿಡಕಿ ತೆರೆಯಾಂಗಿಲ್ಲ ಆಯಿ" ಎಂದಳು ಅಕ್ಕ.

"ಕಿಡಕಿ ತೆರೀಲಾರದ್ದು ಅದೆಂಥಾ ಗಾಡಿ? ಗಾಳಿ ಬ್ಯಾಡಾ ಮಂದಿಗೆ? ನೀನು ಡ್ರಾಯವರಗ ಹೇಳು, ಒಂದೀಟ ತಗೀತಾನ. ಊರ ಬಿಟ್ಟು ಹೊಂಟ ಹೆಣಮಗಳು ಅಂದ್ರ ಯಾರೂ ಬ್ಯಾಡ ಅನ್ನಾಂಗಿಲ್ಲ."

"ತೆರೆದರ ನಾವ ಹಾರಿ ಹೋಗ್ತೀವಂತ."

"ಹಂಗಂದ್ರ ಕೈಯಷ್ಟ ಹೊರಗ ಹಾಕು" ಎಂದಳು ಆಯಿ, ಮಾತು ಮುಗಿಯಿತು ಎನ್ನುವಂತೆ. ನನಗೆ ನನ್ನ ಸಾಲೆಯ ಅಟ್ಲಾಸ್ ತೆಗೆಯಲು ಹೇಳಿದಳು. ನಾನು ಮುಂಬೈಯಿಂದ ಲಂಡನ್ ತನಕ ಬೆರಳು ಎಳೆದು ನಡುವೆ ಸಿಕ್ಕ ನದಿಗಳ ಹೆಸರು ಹೇಳಿದೆ. ಸಿಂಧು, ಟೈಗ್ರಿಸ್, ನೈಲ್, ಟೈಬರ್, ಸೇನ್, ಥೇಮ್ಸ್. ಸೇನ್ ಎಂದಾಗ ಆಯಿ, "ನಮ್ಮ ಸೀನಾ ಅಲ್ಲೀತನಕ ಹೋಗ್ಯಾಳೇನು?" ಎಂದು ಸಮಾಧಾನಪಟ್ಟಳು. ಒಂದೊಂದು ಹೆಸರಿಗೂ ಒಂದೊಂದು ತೂತಿನ ದುಡ್ಡು ಆರಿಸಿ ಅರಿವೆಯಲ್ಲಿ ಕಟ್ಟಿಟ್ಟಳು.

ಇಷ್ಟೆಲ್ಲ ಆದ ಮೇಲೆ ಕೂಡುವ ಅಭ್ಯಾಸ. ಅದು ಅಕ್ಕನೇ ಸುರು ಮಾಡಿದ್ದು. ಊಟವಾಗಿ ಊರೆಲ್ಲ ಬಿಸಿಲಿಗೆ ಬಾಗಿಲು ಹಾಕಿಕೊಂಡ ಹೊತ್ತಿನಲ್ಲಿ ಪಡಸಾಲೆಯಲ್ಲಿ ಎರಡು ಖುರ್ಚಿ ಅಂಟಿಸಿ ಹಾಕುತ್ತಿದ್ದೆವು. ಕೈಯಿದ್ದ ದೊಡ್ಡ ಖುರ್ಚಿ ಅಕ್ಕನದು, ಕೈಯಿಲ್ಲದ್ದು ನನ್ನದು. ಸಾಸಿವೆ ದಿಂಬು ಕಟ್ಟಿಕೊಂಡು, ಅಕ್ಕ ಡಾಬು ಹಾಕಿಕೊಂಡು, ಕಾಲ ಕೆಳಗೆ ಮಣೆ ಇಟ್ಟುಕೊಂಡು ಕೂಡಬೇಕು. ನಾನು ಪ್ರಯಾಣಿಕಳೂ ಹೌದು, ನೀರು ಕೊಡುವ ಹುಡುಗಿಯೂ ಹೌದು. ಎದ್ದು ನಿಂತು, ಸಿಸ್ಟರ್ ಆಗ್ನೆಸ್ ಕಲಿಸಿದ ಇಂಗ್ಲಿಷಿನಲ್ಲಿ "ಲೇಡೀಸ್ ಅಂಡ್ ಜಂಟಲ್‌ಮನ್" ಎನ್ನುತ್ತಿದ್ದೆ. ಜಂಟಲ್‌ಮನ್ ಎಂದರೆ ನಮ್ಮ ಬೆಕ್ಕು.

ಪಡಸಾಲೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿಯಿತ್ತು. ಅದರಿಂದ ಬಿದ್ದ ಬಿಸಿಲಿನ ಬಿಲ್ಲೆ ಮಧ್ಯಾಹ್ನವಿಡೀ ನೆಲದ ಮೇಲೆ ಸರಿಯುತ್ತ ಹೋಗುತ್ತಿತ್ತು. ಅದೇ ನಮ್ಮ ವಿಮಾನ. ಒನಕೆಯ ಹತ್ತಿರ ಬಂದರೆ ಕರಾಚಿ, ನಡುಗಂಬ ಮುಟ್ಟಿದರೆ ಕೈರೋ, ದೇವರ ಕೋಣೆಯ ಹೊಸ್ತಿಲಿಗೆ ರೋಮ್. ನೀರಿನ ಕೊಡದ ಹತ್ತಿರ ಲಂಡನ್. ಅಲ್ಲಿಗೆ ಮುಟ್ಟುವ ತನಕ ಅಕ್ಕ ಕೂತಿದ್ದರೆ ಡಾಕ್ಟರು ಪರವಾನಗಿ ಕೊಡುತ್ತಾರೆ ಎಂಬುದು ನನ್ನ ಲೆಕ್ಕ. ಮೊದಮೊದಲು ಅಕ್ಕ ಕೈರೋದಲ್ಲೇ ದಣಿಯುತ್ತಿದ್ದಳು. ಆಮೇಲೆ ರೋಮ್ ದಾಟತೊಡಗಿದಳು. ಪಕ್ಕದ ಮನೆಯ ಮರಾಠಿ ಮುದುಕಿ, ನಾವು ಕಾಕು ಎನ್ನುತ್ತಿದ್ದವರು, ದಿನವೂ ಬಾಗಿಲಲ್ಲಿ ಇಣುಕಿ "ಕಾಯ ಗ ಪೋರೀನೋ, ವಿಮಾನ ಕುಠಂ ಆಲಂ?" ಎಂದು ವಿಮಾನ ಎಲ್ಲಿಗೆ ಬಂತೆಂದು ವಿಚಾರಿಸುತ್ತಿದ್ದರು. ನಾನು ಬಿಸಿಲು ನೋಡಿ ಊರ ಹೆಸರು ಹೇಳುತ್ತಿದ್ದೆ. ಆದರೆ ಬಹಳ ಸಲ ನಾನು ಹೇಳುತ್ತಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದೆ. ಅಭ್ಯಾಸ ಅಕ್ಕನದು, ವಿದ್ಯೆ ಹತ್ತಿದ್ದು ನನಗೆ. ಅಕ್ಕ ನಿದ್ದೆ ಮಾಡಿದ್ದನ್ನು ನಾನು ಕಾಣೆ. ನನಗೆ ಎಚ್ಚರವಾದಾಗಲೆಲ್ಲ ಅವಳು ಬಿಸಿಲಿನ ಬಿಲ್ಲೆಯನ್ನೇ ನೋಡುತ್ತಿರುತ್ತಿದ್ದಳು. ಅವಳ ಕೈ ಮಾತ್ರ ನನ್ನ ಹಣೆಯ ಮೇಲೆ ಇರುತ್ತಿತ್ತು, ನಾನು ಮುಂದೆ ಬೀಳದ ಹಾಗೆ.

ಡಾಕ್ಟರು ಸೊಲ್ಲಾಪುರದಿಂದ ಬಂದ ದಿನ ಅಕ್ಕ ಒಳ್ಳೆಯ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಪರೀಕ್ಷೆಗೆ ಕೂತ ಹುಡುಗಿಯ ಹಾಗೆ. ಅವರು ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ಕಾಲಿನ ಹರಡಿನ ಮೇಲೆ ಬೆರಳು ಒತ್ತಿದರು. ಒತ್ತಿದಲ್ಲಿ ಕುಳಿ ಬಿತ್ತು, ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ಅಪ್ಪನನ್ನು ಅಂಗಳಕ್ಕೆ ಕರೆದುಕೊಂಡು ಹೋದರು. ಬೇವಿನ ಗಿಡದ ಕೆಳಗೆ ಅಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡದ್ದು ಪಡಸಾಲೆಯಿಂದ ನಮಗೆ ಕಾಣುತ್ತಿತ್ತು. ಅಪ್ಪ ಟೊಪ್ಪಿಗೆ ತೆಗೆಯುವವನಲ್ಲ.

ವಿಮಾನವಿಲ್ಲ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ತಿಳಿದಿತ್ತು. ಅಪ್ಪ ಮಾಮಾನಿಗೆ ತಂತಿ ಕೊಡಲು ಹೊರಟ. ಆ ಮಧ್ಯಾಹ್ನ ನಾನು ಖುರ್ಚಿ ಹಾಕಲಿಲ್ಲ. ಊಟವಾದ ಮೇಲೆ ಮೂಲೆಯಲ್ಲಿ ಸುಮ್ಮನೆ ಕೂತಿದ್ದೆ.

"ಯಾಕ ಸುಮಿ, ಇವತ್ತ ವಿಮಾನ ಬಂದ್ ಐತೇನು?" ಎಂದಳು ಅಕ್ಕ.

ನಾನು ಆಯಿಯ ಮುಖ ನೋಡಿದೆ. ಆಯಿ ಒಳಗೆ ಹೋದಳು. ತಾಮ್ರದ ಬೋಗುಣಿಯಲ್ಲಿ ನೀರು ತುಂಬಿ ತಂದು ಅಕ್ಕನ ಕಾಲ ಹತ್ತಿರ ಇಟ್ಟಳು. ಅದರ ಪಕ್ಕದಲ್ಲಿ ತೂತಿನ ದುಡ್ಡುಗಳ ಗಂಟು. "ಕಿಡಕಿ ತೆರೆಯಾಂಗಿಲ್ಲ ಅಂತೀರಲ್ಲ. ಹಂಗಾರ ನದೀನ ಒಳಗ ಬರ್ಲಿ" ಎಂದಳು.

ಅಂದಿನಿಂದ ಅದು ಅಭ್ಯಾಸವಾಗಿ ಉಳಿಯಲಿಲ್ಲ, ಪ್ರಯಾಣವೇ ಆಯಿತು. ಮೊದಲು ದಿನದಿನವೂ ಮುಂಬೈಯಿಂದ ಸುರು ಮಾಡುತ್ತಿದ್ದೆವು. ಈಗ ಹಾಗಿಲ್ಲ, ಮುಟ್ಟಿದ ಊರಿನಿಂದಲೇ ಮರುದಿನ ಮುಂದೆ. ನದಿ ಬಂದಿತು ಎಂದು ನಾನು ಅಟ್ಲಾಸ್ ನೋಡಿ ಹೇಳಿದಾಗ ಆಯಿ ಅಕ್ಕನ ಕೈಗೆ ಒಂದು ದುಡ್ಡು ಕೊಡುವಳು. ಅಕ್ಕ ಬಗ್ಗಲಾರಳು, ಮೇಲಿನಿಂದಲೇ ಬಿಡುವಳು. ಬೋಗುಣಿ ಟಣ್ ಎನ್ನುವುದು. ಮೂವರೂ ಕೈ ಮುಗಿಯುತ್ತಿದ್ದೆವು. ಸಿಂಧು ಆಯಿತು, ಟೈಗ್ರಿಸ್ ಆಯಿತು. ನೈಲ್ ಬಂದ ದಿನ ನಾನು ಪಾಠದಲ್ಲಿ ಕಲಿತದ್ದೆಲ್ಲ ಹೇಳಿದೆ, ಮೊಸಳೆಗಳ ಸಮೇತ. ಆಯಿ ಹೆದರಿ, ಒಳಗಿನಿಂದ ಇನ್ನೊಂದು ತಂದು, ಎರಡು ದುಡ್ಡು ಹಾಕಿಸಿದಳು.

ಸೇನ್ ದಾಟಿದ ಮೇಲೆ ಒಂದೇ ನದಿ ಉಳಿಯಿತು. ಅಲ್ಲಿಗೆ ಬಂದು ಆಯಿ ವಿಮಾನವನ್ನು ನಿಲ್ಲಿಸಿಬಿಟ್ಟಳು.

"ಥೇಮ್ಸ್ ಬಂತು ಆಯಿ" ಎಂದೆ.

"ಎಲ್ಲಿ ಬಂತು? ಮಂಜು ಬಿದ್ದೈತಿ. ಏನೂ ಕಾಣವಲ್ದು. ನಾಳಿ ನೋಡೂನು."

ಮರುದಿನವೂ ಮಂಜು. ಅದರ ಮರುದಿನ ಮಳೆ. ಹೊರಗೆ ಅಕ್ಕಲಕೋಟದ ಅಂಗಳದಲ್ಲಿ ಕಲ್ಲು ಕಾದು ಬರಿಗಾಲಿಗೆ ಚುರ್ರೆನ್ನುವ ಬಿಸಿಲು, ಒಳಗೆ ನಮ್ಮ ಲಂಡನ್ನಿನ ಮೇಲೆ ಮಂಜು. ಬಿಸಿಲಿನ ಬಿಲ್ಲೆ ನೀರಿನ ಕೊಡವನ್ನು ಮುಟ್ಟಿ, ಕೊಡದ ಮೇಲೆ ಹತ್ತಿ, ಆರಿಹೋಗುತ್ತಿತ್ತು. ಕೊನೆಯ ದುಡ್ಡು ಆಯಿಯ ಮುಷ್ಟಿಯಲ್ಲೇ ಇರುತ್ತಿತ್ತು. ಅವಳು ಆ ಮುಷ್ಟಿಯನ್ನು ಎಷ್ಟು ಬಿಗಿ ಹಿಡಿಯುತ್ತಿದ್ದಳೆಂದರೆ, ಸಂಜೆ ಅಂಗೈ ತೆರೆದಾಗ ತೂತಿನ ದುಡ್ಡಿನ ಗುರುತು ಚರ್ಮದ ಮೇಲೆ ಮೂಡಿರುತ್ತಿತ್ತು, ನಡುವೆ ಒಂದು ಸಣ್ಣ ಉಬ್ಬು ಎದ್ದು. ವಿಮಾನ ಆಕಾಶದಲ್ಲಿ ಇರುವ ತನಕ ಅಕ್ಕನೂ ಇರುತ್ತಾಳೆ ಎಂದು ಆಯಿ ಹಿಡಿದಿದ್ದಳು. ಆ ಹೊತ್ತಿಗೆ ನನಗೂ ಅದು ತಿಳಿದಿತ್ತು. ನಾನೂ "ಮಂಜು ಐತಿ ಅಕ್ಕಾ" ಎನ್ನತೊಡಗಿದೆ.

ಅಕ್ಕನಿಗೆ ಈಗ ಖುರ್ಚಿಯಿಂದ ಏಳುವುದು ಆಗುತ್ತಿರಲಿಲ್ಲ. ಹಗಲೂ ಅಲ್ಲೇ, ಇರುಳೂ ಅಲ್ಲೇ. ಒಂದು ಮಧ್ಯಾಹ್ನ ಅವಳು ಆಯಿಯ ಮುಷ್ಟಿಯ ಮೇಲೆ ಕೈ ಇಟ್ಟಳು.

"ಆಯಿ, ಇನ್ನ ಇಳಸಬಾರದೇನ?"

"ಮಂಜು ಐತಿ ಪ್ರಭಾ."

"ಇರ್ಲಿ ಬಿಡು. ಅವ್ರು ಕಾಯಾಕತ್ತಿರ್ತಾರ. ಕೂತ ಕೂತ ಸಾಕಾಗೇತಿ ಆಯಿ." ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. "ಇಳಿದ ಮ್ಯಾಲ ಒಮ್ಮೆ ಉದ್ದಕ ಕಾಲ ಚಾಚಿ ಮಕ್ಕೋತೀನಿ. ನೀ ಸಣ್ಣಾಕಿ ಇದ್ದಾಗ ಹಾಸತಿದ್ದೆಲ್ಲ, ಆ ಕೌದಿ ಮ್ಯಾಲ. ಮತ್ತ ನನ್ನ ಯಾರೂ ಕೂಡ್ರಸಬ್ಯಾಡ್ರಿ."

ಅವಳಿಗೆ ಮಾತು ತೊಡರಿತ್ತು, ತಾನು ಸಣ್ಣವಳಿದ್ದಾಗ ಎನ್ನಬೇಕಾಗಿತ್ತು. ಆಯಿ ತಿದ್ದಲಿಲ್ಲ. "ನಾಳಿ ಇಳಸೂನು. ನಾಳಿ ಖರೇನ ಇಳಸೂನು" ಎಂದಳು. ಮುಷ್ಟಿ ಬಿಚ್ಚಲಿಲ್ಲ.

ಬೆಳಗಾದಾಗ ಅಕ್ಕ ಖುರ್ಚಿಯಲ್ಲಿ ಕೂತಂತೆಯೇ ಹೋಗಿದ್ದಳು. ಸಾಸಿವೆ ದಿಂಬು ಅವಳ ತಲೆಯನ್ನು ಇದ್ದಲ್ಲೇ ಹಿಡಿದಿತ್ತು. ಆಯಿ ಎಷ್ಟು ಚೆನ್ನಾಗಿ ಹೊಲಿದಿದ್ದಳೆಂದರೆ, ತಲೆ ಒಂದಿಷ್ಟೂ ವಾಲಿರಲಿಲ್ಲ. ನಾನು ಮೊದಲ ಸಲ ಅವಳು ನಿದ್ದೆ ಮಾಡಿದ್ದನ್ನು ನೋಡಿದೆ ಎಂದುಕೊಂಡೆ.

ಅಪ್ಪ ಬಂದ. ಓಣಿಯ ಜನ ಬಂದರು, ಮಠದ ಅಯ್ಯನವರು ಬಂದರು. ಅಪ್ಪನ ದೊಡ್ಡಪ್ಪನ ಮಗ, ನಮ್ಮ ದೊಡ್ಡಕಾಕಾ, ಇಂಥ ಹೊತ್ತಿನಲ್ಲಿ ಎಲ್ಲವನ್ನೂ ಮುಂದೆ ನಿಂತು ಮಾಡಿಸುವವರು, ಖುರ್ಚಿಯ ಮುಂದೆ ನಿಂತು ಕೈ ಮುಗಿದರು. "ಪುಣ್ಯವಂತಿ. ಕೂತ ಹೋಗ್ಯಾಳ. ಮತ್ತ ಕೂಡ್ರಸೂ ತ್ರಾಸನೂ ಕೊಟ್ಟಿಲ್ಲ ನೋಡ್ರಿ. ಹೀಂಗ ಇರ್ಲಿ" ಎಂದರು. ಹೆಂಗಸರು ಹೌದೆಂದು ಕಣ್ಣೊರೆಸಿಕೊಂಡರು.

ಆಯಿ ಅಳುತ್ತಿರಲಿಲ್ಲ. ಬೋಗುಣಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದಳು. ಎಲ್ಲರೂ ನೋಡುತ್ತಿದ್ದಂತೆ ಮುಷ್ಟಿ ಬಿಚ್ಚಿ ಕೊನೆಯ ದುಡ್ಡನ್ನು ನೀರಿಗೆ ಬಿಟ್ಟಳು. ಟಣ್ ಎಂದಿತು. ಕೈ ಮುಗಿದಳು. ಅದು ಏನೆಂದು ಆ ಪಡಸಾಲೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ನಾನೂ ಮುಗಿದೆ. ಆಮೇಲೆ ಆಯಿ ಎದ್ದು, ಅಟ್ಟದ ಮೇಲಿನ ಹಳೆಯ ಕೌದಿ ತಂದು, ಪಡಸಾಲೆಯ ನಡುವೆ ಜಾಡಿಸಿ ಹಾಸಿ, "ಇಳಸ್ರಿ" ಎಂದಳು.

"ಏನವ್ವಾ?" ಎಂದರು ದೊಡ್ಡಕಾಕಾ.

"ಖುರ್ಚಿಯಿಂದ ಇಳಸ್ರಿ ಆಕೀನ. ಮಲಗಸ್ರಿ."

"ಪದ್ಧತಿ ಏನೈತಿ ಚಿಗವ್ವಾ? ನಿನಗ ನಾವು ಹೇಳಬೇಕಾ? ಕೂಡ್ರಿಸಿನ ಒಯ್ಯಬೇಕು. ಗುಣಿನೂ ಹಂಗ ತಗದಾರ. ನಾಳಿ ಮಂದಿ ಏನಂದಾರು?"

"ಮಂದಿ ಕೂತಿದ್ರೇನ ಈ ಖುರ್ಚಿ ಮ್ಯಾಲ?" ಆಯಿಯ ದನಿ ಏರಲೇ ಇಲ್ಲ. "ನನ್ನ ಗಂಡನ್ನ ಕೂಡ್ರಿಸೀವಿ, ನನ್ನ ಸೊಸೀನ ಕೂಡ್ರಿಸೀವಿ. ನಾಳಿ ನನ್ನೂ ಕೂಡ್ರಸ್ರಿ, ಬ್ಯಾಡ ಅನ್ನಾಂಗಿಲ್ಲ. ಈ ಕೂಸು ತನ್ನ ಪಾಲಿಂದು ಎಲ್ಲಾ ಕೂತ ಮುಗಿಸ್ಯಾಳ. ನಿನ್ನೆ ಇಳಸಂದ್ಲು, ನಾ ಇಳಸಲಿಲ್ಲ. ಇನ್ನೊಮ್ಮೆ ನಾ ಬ್ಯಾಡ ಅನ್ನಾಕಿ ಅಲ್ಲ."

ದೊಡ್ಡಕಾಕಾ ಅಯ್ಯನವರ ಕಡೆ ನೋಡಿದರು. ಅಯ್ಯನವರು ವಯಸ್ಸಾದವರು. ಅವರು ಅಕ್ಕನ ಕೊರಳಿನ ದಿಂಬನ್ನು, ನಡುವಿನ ಡಾಬನ್ನು, ಕಾಲ ಕೆಳಗಿನ ಮಣೆಯನ್ನು ಒಂದೊಂದಾಗಿ ನೋಡುತ್ತ ಬಂದು, "ಲಿಂಗ ಕೈಯಾಗ ಇದ್ರಾತು. ಹ್ಯಾಂಗ ಹೋದ್ರೂ ಶಿವನ ಕಡೇನ. ಮಲಗಸ್ರಿ. ಗುಣಿ ಉದ್ದ ತಗಿಯಾಕ ಹೇಳಿ ಕಳಸ್ರಿ" ಎಂದರು.

ಅಪ್ಪ ತಾನೇ ಮುಂದೆ ಬಂದ. ಆಯಿ ಡಾಬಿನ ಕೀಲು ಬಿಚ್ಚಿದಳು, ದಿಂಬಿನ ಲಾಡಿ ಬಿಚ್ಚಿದಳು. ಅಪ್ಪ ಅಕ್ಕನನ್ನು ಎತ್ತಿ ಕೌದಿಯ ಮೇಲೆ ಇಳಿಸಿದ. ಆಯಿ ಅವಳ ಮೊಣಕಾಲುಗಳನ್ನು ಮೆಲ್ಲಗೆ ಒತ್ತಿ ಒತ್ತಿ ನೀಡಿಸಿದಳು. ಆ ಬೇಸಿಗೆಯಲ್ಲೆಲ್ಲ ಮೊದಲ ಸಲ ನನ್ನ ಅಕ್ಕ ಕೆಮ್ಮದೆ, ಗಾಬರಿಯಾಗದೆ, ಉದ್ದಕ್ಕೆ ಮಲಗಿದಳು. ಅಷ್ಟು ಎತ್ತರದವಳು ಎಂಬುದೇ ನನಗೆ ಮರೆತುಹೋಗಿತ್ತು.

ಮಾಮಾ ಬಂದದ್ದು ಎಲ್ಲ ಮುಗಿದ ಮೇಲೆ. ವಿಮಾನದಲ್ಲೇ ಬಂದರು. ಕೋಟು ಕೈ ಮೇಲೆ ಹಾಕಿಕೊಂಡು ಪಡಸಾಲೆಯ ಹೊಸ್ತಿಲಲ್ಲಿ ನಿಂತು, ಆ ಎರಡು ಖುರ್ಚಿಗಳನ್ನು ನೋಡುತ್ತ ಉಳಿದರು. ಆಯಿ ಅವರಿಗೆ ನೀರು ಕೊಟ್ಟಳು, ಕುಡಿಯುವ ತನಕ ತಡೆದಳು. ಅವರು ಅತ್ತು ಸುಧಾರಿಸಿಕೊಂಡ ಮೇಲೆ ಅವಳು ಕೇಳಿದ ಮೊದಲ ಮಾತು ಇದು:

"ಅಲ್ಲಪಾ, ವಿಮಾನದ ಕಿಡಕಿ ತೆರೀತಾವೇನು?"

"ಇಲ್ರಿ ಆಯಿ. ಗಾಜು ಗಟ್ಟಿ ಕೂಡಿಸಿರ್ತಾರ" ಎಂದರು ಮಾಮಾ, ಯಾಕೆ ಎಂದು ತಿಳಿಯದೆ.

"ಹಂಗಾರ ಚೊಲೊ ಆತು. ನಾವು ತಪ್ಪಿಲ್ಲ" ಎಂದು ಆಯಿ ಬೋಗುಣಿಯನ್ನು ಒಳಗೆ ಒಯ್ದಳು.

ಸಾಲೆ ಸುರುವಾಗಿ ನಾನು ಸೊಲ್ಲಾಪುರಕ್ಕೆ ಮರಳಿದೆ. ನಾನು ಹೋದಾಗಲೆಲ್ಲ ಅಕ್ಕಲಕೋಟದ ಪಡಸಾಲೆಯ ಕಲ್ಲಿನ ಸಂದಿಯಲ್ಲಿ ಒಂದಲ್ಲ ಒಂದು ಸಾಸಿವೆ ಕಾಳು ಕಣ್ಣಿಗೆ ಬೀಳುತ್ತಿತ್ತು. ಆಯಿ ದಿನಾ ಎರಡು ಹೊತ್ತು ಕಸ ಹೊಡೆಯುವವಳು, ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ತೆಗೆಯುತ್ತಿರಲಿಲ್ಲ, ಅಷ್ಟೇ. ಅವಳು ಹೋದಾಗ, ತಾನೇ ಹೇಳಿದ್ದಂತೆ, ಪದ್ಧತಿಯ ಪ್ರಕಾರ ಕೂಡಿಸಿಯೇ ಕಳಿಸಿದರು. ಆ ಹೊತ್ತಿಗೆ ಅವಳು ಮತ್ತೆ ಉಪ್ಪು ತಿನ್ನತೊಡಗಿದ್ದಳೋ ಇಲ್ಲವೋ, ನಾನು ಕೇಳಿ ತಿಳಿದುಕೊಳ್ಳಲಿಲ್ಲ.

ಶಾರದಾಬಾಯಿ ನಾಳೆ ಹೊರಡುತ್ತಾರೆ. ಅವರಿಗೆ ಕೊಡಲು ನೆಲ್ಲಿಕಾಯಿ ಒಣಗಿಸಿದ್ದು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ನದಿಗಳ ಮಾತು ಹೇಳುವುದಿಲ್ಲ.

ನಮ್ಮವರ ಚೇಷ್ಟೆಗೆ ಇಷ್ಟು ದಿನ ಉತ್ತರ ಕೊಟ್ಟಿರಲಿಲ್ಲ, ಈಗ ಕೊಡುತ್ತೇನೆ. ಹೌದು, ನನ್ನನ್ನು ಕೂಡಿಸಿಯೇ ಕಳಿಸಿ. ಯಾರಿಗೂ ತ್ರಾಸ ಕೊಡುವುದಿಲ್ಲ, ಬೆನ್ನು ನೆಟ್ಟಗೆ ಇಟ್ಟುಕೊಂಡೇ ಕೂತಿರುತ್ತೇನೆ. ಸೆರಗಿನ ತುದಿಗೆ ಒಂದು ಕಾಸು ಕಟ್ಟುವುದನ್ನು ಮಾತ್ರ ಮರೆಯಬೇಡಿ. ನದಿ ಬಂದಾಗ ಎಬ್ಬಿಸುವುದು ಬೇಡ, ನನಗೆ ತಾನಾಗಿಯೇ ಎಚ್ಚರವಾಗುತ್ತದೆ.